ಮಸಾಚೊನ ಭಿತ್ತಿಚಿತ್ರ ಮನೆಯ ಗೋಡೆಗೆ: ಪ್ರಿಂಟ್ ಹಾಕಿಸಿ ಅಂಟಿಸುವ ಬಗೆ

ಚೌಕಟ್ಟಿನ ಚಿತ್ರವನ್ನು ಖಾಲಿ ಇರುವ ಯಾವ ಗೋಡೆಗಾದರೂ ತೂಗುಹಾಕಬಹುದು. ಭಿತ್ತಿಚಿತ್ರದ ಪ್ರಿಂಟ್‌ಗೆ ಅದು ಒಗ್ಗುವುದಿಲ್ಲ. ಮೂಲ ಚಿತ್ರವನ್ನು ಗೊತ್ತಾದ ಒಂದು ಗೋಡೆಗೆಂದೇ, ಅಲ್ಲಿ ಬೀಳುವ ಬೆಳಕನ್ನು ನೋಡಿಕೊಂಡೇ ಬರೆದಿರುತ್ತಾರೆ. ಫ್ಲಾರೆನ್ಸಿನ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನಲ್ಲಿ, ಬ್ರಾಂಕಾಚಿ ಪ್ರಾರ್ಥನಾಗೃಹದ ಎಡಗೋಡೆಯ ಮೇಲೆ ಇಟಲಿಯ ಚಿತ್ರಕಾರ ಮಸಾಚೊ 1420ರ ದಶಕದಲ್ಲಿ ಬರೆದ ‘ತೆರಿಗೆ ಹಣ’ ಚಿತ್ರವನ್ನೇ ನೋಡಿ. ಆ ಗೋಡೆಯ ಬಲಕ್ಕೆ ಕಿಟಕಿಯಿದೆ. ಚಿತ್ರದೊಳಗಿನ ಬೆಳಕೂ ಬಲದಿಂದಲೇ ಬಂದು ನೆರಳುಗಳು ಎಡಕ್ಕೆ ಬೀಳುತ್ತವೆ. ಹಾಗಾಗಿ ಮನೆಯಲ್ಲೂ ಬಲಬದಿಗೆ ಕಿಟಕಿಯಿರುವ ಗೋಡೆಯನ್ನೇ ಆರಿಸಿ. ಕಿಟಕಿ ಎಡಕ್ಕಿದ್ದರೆ ಬೇರೆ ಚಿತ್ರ ಹುಡುಕುವುದು ಲೇಸು. ಚಿತ್ರವನ್ನು ತಿರುಗಿಸಿ ಮುದ್ರಿಸಿದರೆ ಬಲಗೈಗಳೆಲ್ಲ ಎಡಗೈಗಳಾಗುತ್ತವೆ.

ಅಳತೆ ಮತ್ತು ಫೈಲು

ಮೂಲ ಚಿತ್ರ ಸುಮಾರು 2.5 ಮೀಟರ್ ಎತ್ತರ, 6 ಮೀಟರ್ ಅಗಲವಿದೆ. ಮನೆಯ ಕೋಣೆಗೆ ಅದರ ಮೂರನೇ ಒಂದರಷ್ಟು, ಅಂದರೆ 200 ಸೆಂ.ಮೀ. ಅಗಲ, 83 ಸೆಂ.ಮೀ. ಎತ್ತರ ಸಾಕು. ಎರಡು ಮೀಟರ್ ದೂರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 100 ಪಿಕ್ಸೆಲ್ ಸಾಲುತ್ತದೆ, ಎಂದರೆ ಫೈಲಿನ ಅಗಲ ಸುಮಾರು 7,900 ಪಿಕ್ಸೆಲ್ ಇರಬೇಕು. ಹತ್ತಿರ ನಿಂತು ನೋಡುವ ಜಾಗವಾದರೆ ಇಂಚಿಗೆ 150ರ ಲೆಕ್ಕದಲ್ಲಿ 11,800 ಬೇಕು. ಸಣ್ಣ ಫೈಲನ್ನು ಹಿಗ್ಗಿಸಿದರೆ ಮುಖಗಳು ಮೇಣ ಸವರಿದಂತೆ ಕಾಣುತ್ತವೆ.

ಫೋಟೊ ಯಾವಾಗಿನದು ಎಂಬುದನ್ನೂ ವಿಚಾರಿಸಿ. 1771ರಲ್ಲಿ ಆ ಚರ್ಚಿಗೆ ಬೆಂಕಿ ಬಿದ್ದು ಚಿತ್ರಗಳಿಗೆ ಮಸಿ ಹಿಡಿಯಿತು. ಅದನ್ನು ಸ್ವಚ್ಛಗೊಳಿಸಿದ್ದು 1980ರ ದಶಕದಲ್ಲಿ. ಅದಕ್ಕೂ ಹಿಂದಿನ ಫೋಟೊಗಳಲ್ಲಿ ಎಲ್ಲವೂ ಕಂದು. ಅದನ್ನು ‘ಹಳೆಯ ಕಳೆ’ ಎಂದುಕೊಂಡು ಮುದ್ರಿಸಿದರೆ ಗೋಡೆಗೇರುವುದು ಹೊಗೆಯೇ. ಫೋಟೊ ಬಳಕೆಗೆ ಅನುಮತಿಯಿದೆಯೇ ಎಂದೂ ನೋಡಿಕೊಳ್ಳಿ.

ಕಾಗದ, ಶಾಯಿ

ಇಂಥ ಭಿತ್ತಿಚಿತ್ರದಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದಾಗ, ಗಾರೆ ಆರುತ್ತ ಗಟ್ಟಿಯಾಗಿ ಬಣ್ಣ ಅದರಲ್ಲೇ ಸೇರಿಹೋಗುತ್ತದೆ. ಎಣ್ಣೆಯಿಲ್ಲ, ವಾರ್ನಿಶ್ ಇಲ್ಲ, ಹೊಳಪೂ ಇಲ್ಲ. ಆದ್ದರಿಂದ ಗ್ಲಾಸಿ ಕಾಗದ, ಫ್ಲೆಕ್ಸ್, ಲ್ಯಾಮಿನೇಶನ್ ಮೂರೂ ಬೇಡ. 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಕ) ಅಥವಾ ಹೆಚ್ಚಿನ ಮ್ಯಾಟ್ (ಹೊಳಪಿಲ್ಲದ) ನಾನ್-ವೊವನ್ (ನೇಯದ ನಾರಿನ) ವಾಲ್‌ಪೇಪರ್ ಕೇಳಿ. ಕಣ್ಣು ಕುಕ್ಕುವ ಬಿಳುಪಿನ ಕಾಗದದಲ್ಲಿ ಮೈಬಣ್ಣ ನೀಲಿಗೆ ತಿರುಗುತ್ತದೆ. ತುಸು ಕೆನೆಬಣ್ಣದ್ದೇ ಸರಿ. ಬಣ್ಣವನ್ನು ತಾನಾಗಿ ಏರಿಸುವ ಸೆಟ್ಟಿಂಗ್ ಆಫ್ ಮಾಡಬೇಕು, ಬಿರುಕುಗಳನ್ನು ಅಳಿಸಬಾರದು ಎಂದು ಪ್ರಿಂಟ್ ಮಾಡುವವರಿಗೆ ಬರೆದೇ ಕೊಡಿ.

ಪೂರ್ತಿ ಮುದ್ರಿಸುವ ಮೊದಲು ಒಂದು ಮುಖ, ಒಂದಿಷ್ಟು ಆಕಾಶ, ಒಂದು ನೆರಳು ಬರುವಂತೆ 20×30 ಸೆಂ.ಮೀ. ತುಂಡೊಂದನ್ನು ನಿಜ ಅಳತೆಯಲ್ಲಿ ಮುದ್ರಿಸಿಕೊಳ್ಳಿ. ಅದೇ ಗೋಡೆಗೆ ಟೇಪಿನಲ್ಲಿ ಅಂಟಿಸಿ, ಬೆಳಿಗ್ಗೆಯೂ ರಾತ್ರಿಯೂ ನೋಡಿ. ಮಾನಿಟರಿನಲ್ಲಿ ಸರಿ ಕಂಡ ನೆರಳು ಕಾಗದದಲ್ಲಿ ಬರೀ ಕಪ್ಪಾಗುವುದೇ ಹೆಚ್ಚು.

ಗೋಡೆ

ಹೆಚ್ಚಿನ ಪ್ರಿಂಟ್‌ಗಳು ಹಾಳಾಗುವುದು ತೇವದಿಂದ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು, ನಾಲ್ಕೂ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದರೆ ಅಂಟಿಸುವ ಯೋಚನೆ ಬಿಡಿ, 3 ಮಿ.ಮೀ. ಎಸಿಪಿ (ಎರಡು ಬದಿಗೆ ಅಲ್ಯುಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್ ಇರುವ) ಹಲಗೆಗೆ ಪ್ರಿಂಟ್ ಕೂರಿಸಿ, ಹಿಂದೆ ರೀಪು ಕೊಟ್ಟು ಗೋಡೆಯಿಂದ ಒಂದು ಸೆಂ.ಮೀ. ದೂರದಲ್ಲಿ ನಿಲ್ಲಿಸಿ. ಒಣ ಗೋಡೆಯಾದರೆ ಪುಟ್ಟಿ ಹಾಕಿ, 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹಚ್ಚಿ ಒಂದು ದಿನ ಆರಲು ಬಿಡಿ. ಹಳೆಯ ಆಯಿಲ್ ಪೇಂಟನ್ನು ಉಜ್ಜದೆ ಅಂಟಿಸಿದರೆ ಮೂಲೆಗಳು ಏಳುತ್ತವೆ.

ಅಂಟಿಸುವುದು

ಈ ಚಿತ್ರದ ದೃಷ್ಟಿರೇಖೆಗಳೆಲ್ಲ (ದೂರಕ್ಕೆ ಸಾಗುವಂತೆ ಕಾಣುವ ಗೆರೆಗಳು) ಸೇರುವುದು ಗುಂಪಿನ ನಡುವೆ ನಿಂತ ಯೇಸುವಿನ ತಲೆಯ ಬಳಿ. ಆ ಬಿಂದು ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು: ನಿಂತು ನೋಡುವ ಜಾಗದಲ್ಲಿ ನೆಲದಿಂದ ಸುಮಾರು 150 ಸೆಂ.ಮೀ., ಸೋಫಾದಿಂದ ನೋಡುವುದಾದರೆ 115. ಪ್ರಿಂಟಿನ ಕೆಳ ಅಂಚಿನಿಂದ ಯೇಸುವಿನ ಮುಖಕ್ಕೆ ಇರುವ ಅಂತರ ಅಳೆದು ಇದರಲ್ಲಿ ಕಳೆಯಿರಿ. ಅಂತರ 45 ಇದ್ದರೆ, ನಿಂತು ನೋಡುವವರಿಗೆ ಕೆಳ ಅಂಚು 105 ಸೆಂ.ಮೀ. ಎತ್ತರದಲ್ಲಿ ಕೂರುತ್ತದೆ. ರಸಮಟ್ಟ ಹಿಡಿದು ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಚಾವಣಿಯ ಅಂಚನ್ನು ನಂಬಬೇಡಿ, ಅದು ನೇರವಿರುವುದು ಅಪರೂಪ.

83 ಸೆಂ.ಮೀ. ಎತ್ತರದ ಪ್ರಿಂಟ್ 42 ಇಂಚಿನ ರೋಲಿನಲ್ಲಿ ಉದ್ದಕ್ಕೆ ಬರುವುದರಿಂದ ಜೋಡಣೆಯೇ ಇರುವುದಿಲ್ಲ. ಇನ್ನೂ ದೊಡ್ಡದಾದರೆ ಜೋಡಣೆಯ ಗೆರೆ ಎಡಗಡೆಯ ಬೆಟ್ಟಗಳ ಮೇಲೆ ಬರಲಿ, ಮುಖಗಳ ಮೇಲೆ ಬೇಡ. ನಾನ್-ವೊವನ್‌ಗೆ ಅಂಟು ಹಚ್ಚುವುದು ಗೋಡೆಗೆ, ಕಾಗದಕ್ಕಲ್ಲ. ಇಬ್ಬರು ಹಿಡಿದು ನಡುವಿನಿಂದ ಹೊರಕ್ಕೆ ಮೆತ್ತನೆಯ ಬ್ರಶ್ಶಿನಿಂದ ಸವರಿ. ಬದಿಗೆ ಬಂದ ಅಂಟನ್ನು ಒದ್ದೆ ಸ್ಪಂಜಿನಿಂದ ಒತ್ತಿ ತೆಗೆಯಿರಿ. ಉಜ್ಜಿದರೆ ಶಾಯಿ ಸವೆಯುತ್ತದೆ.

ಮುಂದಿನ 24 ಗಂಟೆ ಫ್ಯಾನ್ ಹಾಕಬೇಡಿ, ಕಿಟಕಿ ತೆರೆಯಬೇಡಿ. ಅಂಟು ಬೇಗ ಒಣಗಿದರೆ ಕಾಗದ ಎಳೆದುಕೊಂಡು ಅಂಚು ಬಿಡುತ್ತದೆ. ದೀಪಕ್ಕೆ 3000 ಕೆಲ್ವಿನ್‌ನ, ಸಿಆರ್‌ಐ (ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬ ಅಳತೆ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಕೊಂಡು, ಅದನ್ನೂ ಬಲಬದಿಗೇ ಹಾಕಿಸಿ.