ಮೂರು ತಂತಿಯ ಲೆಕ್ಕ: ಡೇರಿಯ ತೂಕದ ಯಂತ್ರಕ್ಕೆ ಸೀರಿಯಲ್ ಕೇಬಲ್ ಜೋಡಿಸುವುದು ಹೇಗೆ?

ಸಂಜೆ ಹಾಲು ಹಾಕುವವರು ಕ್ಯಾನು ಹಿಡಿದು ಸಾಲು ನಿಂತಿದ್ದಾರೆ. ಯಂತ್ರದಲ್ಲಿ ತೂಕ ಕಾಣುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಸೊನ್ನೆ. ಹಾಸನದ ಸುತ್ತಮುತ್ತಲ ಡೇರಿಗಳಲ್ಲಿ ಇಂಥ ರಿಪೇರಿಗೆ ಹೋದಾಗೆಲ್ಲ ನಾನು ಮೊದಲು ಅನುಮಾನಿಸುವುದು ಕೇಬಲನ್ನೇ.

ಕನೆಕ್ಟರಿನಲ್ಲಿ ಒಂಬತ್ತು ಪಿನ್ನಿದ್ದರೂ ಈ ಕೆಲಸಕ್ಕೆ ಸಾಮಾನ್ಯವಾಗಿ ಮೂರು ಸಾಕು. ಕಂಪ್ಯೂಟರಿನ ಕಡೆ 2 ಕೇಳುವ ಪಿನ್ನು, 3 ಮಾತಾಡುವ ಪಿನ್ನು, 5 ಗ್ರೌಂಡ್. ಯಂತ್ರದ ಕಡೆ ಯಾವುದು ಮಾತಾಡುತ್ತದೆ ಎನ್ನುವುದು ತಯಾರಕರ ಇಷ್ಟ. ಊಹೆ ಬೇಡ, ಅಳೆಯಿರಿ.

ಕೇಬಲ್ ಬಿಚ್ಚಿ, ಯಂತ್ರ ಆನ್ ಮಾಡಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಕಪ್ಪು ಕಡ್ಡಿಯನ್ನು ಯಂತ್ರದ 5ಕ್ಕೆ, ಕೆಂಪನ್ನು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಆರ್‌ಎಸ್-232 ಎಂಬ ಸೀರಿಯಲ್ ಪದ್ಧತಿಯಲ್ಲಿ ಮಾತಾಡುವ ತಂತಿ ಸುಮ್ಮನಿದ್ದಾಗ ಮೈನಸ್ ತೋರಿಸುತ್ತದೆ, ಹೆಚ್ಚಾಗಿ ಮೈನಸ್ 5ರಿಂದ 12. ಕೇಳುವ ಪಿನ್ನು ಸೊನ್ನೆಯ ಹತ್ತಿರ ಇರುತ್ತದೆ. ಮೈನಸ್ ಬಂದ ಪಿನ್ನಿನಿಂದ ಕಂಪ್ಯೂಟರಿನ 2ಕ್ಕೆ ತಂತಿ ಎಳೆಯಿರಿ, ಉಳಿದದ್ದನ್ನು 3ಕ್ಕೆ, 5ಕ್ಕೆ 5. ಮೈನಸ್ ಬದಲು ಪ್ಲಸ್ 5 ಅಥವಾ 3.3 ಬಂದರೆ ಅದು ಟಿಟಿಎಲ್, ಅಂದರೆ ಕಡಿಮೆ ವೋಲ್ಟಿನ ಬೇರೆ ಪದ್ಧತಿ. ಮಧ್ಯೆ ವೋಲ್ಟು ಹೊಂದಿಸುವ ಮ್ಯಾಕ್ಸ್232ನಂಥ ಚಿಪ್ಪಿಲ್ಲದೆ ಜೋಡಿಸಬೇಡಿ.

ಬೆಸುಗೆಗೆ ಮೊದಲು ತಂತಿಗೆ ಬೆಸುಗೆ ಮುಚ್ಚುವ ಸ್ಲೀವು (ಪ್ಲಾಸ್ಟಿಕ್ ಕೊಳವೆ) ಏರಿಸಿಕೊಳ್ಳಿ. ಇದನ್ನು ಮರೆತು ಬೆಸುಗೆ ಬಿಚ್ಚದವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ. ಕೇಬಲ್ 15 ಮೀಟರ್ ದಾಟದಿರಲಿ, ಹಾಲು ತಂಪು ಮಾಡುವ ಟ್ಯಾಂಕಿನ ಮೋಟಾರು ವೈರಿನ ಜೊತೆ ಒಂದೇ ಪೈಪಿನಲ್ಲಿ ಹೋಗದಿರಲಿ. ದೂರ ಹೆಚ್ಚಿದ್ದರೆ ಆರ್‌ಎಸ್-485 ಎಂಬ ಇನ್ನೊಂದು ಪದ್ಧತಿಯೇ ದಾರಿ: ಹೆಣೆದ ಜೋಡಿ ತಂತಿಯಲ್ಲಿ, ವೇಗ ಕಡಿಮೆಯಿಟ್ಟರೆ, 1200 ಮೀಟರಿನವರೆಗೂ ನಡೆಯುತ್ತದೆ.

ಇನ್ನೂ ತೂಕ ಬರುತ್ತಿಲ್ಲವೇ? ಕೇಬಲನ್ನು ಕಂಪ್ಯೂಟರಿನ ಯುಎಸ್‌ಬಿಗೆ ಹೊಂದಿಸುವ ಕನ್ವರ್ಟರ್ ಇದ್ದರೆ, ಕೇಬಲ್ ಬಿಚ್ಚಿ ಅದರ 2 ಮತ್ತು 3ನ್ನು ಚೂರು ತಂತಿಯಿಂದ ಸೇರಿಸಿ. ಟರ್ಮಿನಲ್ ಪ್ರೋಗ್ರಾಮಿನಲ್ಲಿ (ಸೀರಿಯಲ್ ಡೇಟಾ ಕಳಿಸಿ ತೋರಿಸುವ ಪ್ರೋಗ್ರಾಂ) ಎಕೋ, ಅಂದರೆ ಟೈಪ್ ಮಾಡಿದ್ದನ್ನು ತಾನೇ ತೋರಿಸುವುದನ್ನು, ಆಫ್ ಮಾಡಿ ಟೈಪ್ ಮಾಡಿ. ಅಕ್ಷರ ವಾಪಸ್ ಬಂದರೆ ಕನ್ವರ್ಟರ್ ಸರಿಯಿದೆ.

ಅಂಕಿಗಳ ಬದಲು ಚಿತ್ರವಿಚಿತ್ರ ಗುರುತು ಬಂದರೆ ಮೊದಲು ಡೇಟಾ ಕಳಿಸುವ ವೇಗ (ಬಾಡ್ ರೇಟ್) ನೋಡಿ. ಅರಕಲಗೂಡು ಕಡೆಯ ಒಂದು ಡೇರಿಯಲ್ಲಿ ಎರಡು ಸಲ ಬೆಸುಗೆ ಬಿಚ್ಚಿ ಹಾಕಿದ ಮೇಲೆ ನನಗೆ ಗೊತ್ತಾಗಿದ್ದು, ಯಂತ್ರ 2400ರಲ್ಲಿತ್ತು, ಕಂಪ್ಯೂಟರ್ 9600ರಲ್ಲಿ. ವೇಗ, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎಂಬ ಸೆಟ್ಟಿಂಗುಗಳು ಎರಡೂ ಕಡೆ ಒಂದೇ ರೀತಿ ಇರಬೇಕು.

ಎಲ್ಲ ಸರಿಹೋದ ಮೇಲೆ ಕನ್ವರ್ಟರ್ ಚುಚ್ಚಿದ ಯುಎಸ್‌ಬಿ ತೂತಿನ ಪಕ್ಕ ಮಾರ್ಕರಿನಲ್ಲಿ ಗೀಟು ಹಾಕಿಡಿ. ಕಸ ಗುಡಿಸುವಾಗ ಯಾರೋ ಕಿತ್ತು ಬೇರೆ ತೂತಿಗೆ ಚುಚ್ಚಿದರೆ ಕಂಪ್ಯೂಟರ್ ಆ ಕನ್ವರ್ಟರಿಗೆ ಕೊಟ್ಟ ಕಾಮ್ ಪೋರ್ಟಿನ ಸಂಖ್ಯೆಯೇ ಬದಲಾಗಬಹುದು, ಸಂಜೆ ಮತ್ತೆ ಸೊನ್ನೆ.