ಒಂದೇ ಕೇಬಲ್‌ನಲ್ಲಿ ನಾಲ್ಕು ಟಿವಿ: ಹಳೆ ಮನೆಗೆ ಯೂನಿಕೇಬಲ್ ಅಳವಡಿಸಿದ ಬಗೆ

ಜರ್ಮನಿಯ ಹಳೆ ಮನೆಗಳಲ್ಲಿ ಟಿವಿ ಕೇಬಲ್ ಅಟ್ಟದಿಂದ ಇಳಿದು ಮೊದಲ ಕೋಣೆಯ ಸಾಕೆಟ್‌ಗೆ ಬರುತ್ತದೆ, ಅಲ್ಲಿಂದ ಎರಡನೆಯದಕ್ಕೆ, ಅದರಿಂದ ಮೂರನೆಯದಕ್ಕೆ ಹೋಗುತ್ತದೆ. ಸ್ಟುಟ್‌ಗಾರ್ಟ್ ಬಳಿಯ ನಮ್ಮ ಮನೆಯಲ್ಲೂ ಇದೇ ವ್ಯವಸ್ಥೆ. ನಾಲ್ಕು ಕೋಣೆಗೆ ಒಂದೇ ಎಳೆ, ಗೋಡೆಯೊಳಗಿನ ಪೈಪಿನಲ್ಲಿ ಎರಡನೇ ಕೇಬಲ್ ತೂರಿಸಲು ಜಾಗವಿಲ್ಲ. ಡಿಶ್‌ನಿಂದ ಬರುವ ಒಂದೇ ಕೇಬಲ್ಲನ್ನು ಹಲವು ಟಿವಿಗಳು ಹಂಚಿಕೊಳ್ಳುವ ವ್ಯವಸ್ಥೆಯೇ ಯೂನಿಕೇಬಲ್. ಬಾಡಿಗೆಯ ಜೊತೆಗಿನ ಖರ್ಚಿಗೆ ಕೇಬಲ್ ಟಿವಿ ಶುಲ್ಕ ಸೇರಿಸುವ ಪದ್ಧತಿ ಇಲ್ಲಿ 2024ರ ಜುಲೈ 1ರಿಂದ ನಿಂತಿದೆ. ಹಾಗಾಗಿ ಡಿಶ್ ಹಾಕಿಸಿದರೆ ಹೇಗೆ ಎಂದು ಲೆಕ್ಕ ಹಾಕುವ ಕನ್ನಡಿಗ ಕುಟುಂಬಗಳಿಗೆ ಈ ವಿವರ ಉಪಯೋಗವಾದೀತು. ನಾವು ಡಿಶ್ ತಿರುಗಿಸುವ ಆಸ್ಟ್ರಾ ಉಪಗ್ರಹದಲ್ಲಿ (19.2 ಡಿಗ್ರಿ ಪೂರ್ವ) ಸಿಗುವುದು ಮುಖ್ಯವಾಗಿ ಜರ್ಮನ್ ಮತ್ತು ಇತರ ಯುರೋಪಿನ ಚಾನೆಲ್‌ಗಳು. ಕನ್ನಡ ಚಾನೆಲ್‌ಗೆ ಇಂಟರ್ನೆಟ್ಟೇ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಪ್ರತಿ ಕೋಣೆಯಿಂದ ಅಟ್ಟಕ್ಕೆ ಬೇರೆ ಬೇರೆ ಕೇಬಲ್ ಇದ್ದರೆ ಯೂನಿಕೇಬಲ್ ಬೇಡ. ನಾಲ್ಕು ಔಟ್‌ಪುಟ್‌ನ ಕ್ವಾಡ್ ಎಲ್‌ಎನ್‌ಬಿ (ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಹಾಕಿ, ಒಂದೊಂದು ಕೇಬಲ್ ಒಂದೊಂದು ಟಿವಿಗೆ ಕೊಡಿ. ಅಗ್ಗ, ಸರಳ, ಕೆಡುವುದೂ ಕಡಿಮೆ. ಯೂನಿಕೇಬಲ್ ಇರುವುದು ಎಳೆ ಒಂದೇ ಇದ್ದು, ಇನ್ನೊಂದನ್ನು ಎಳೆಯಲು ಗೋಡೆ ಒಡೆಯಬೇಕಾದ ಮನೆಗಳಿಗೆ.

ಸಾಮಾನ್ಯ ಎಲ್‌ಎನ್‌ಬಿಯ ಕೇಬಲ್ಲನ್ನು ಇಬ್ಬರು ಹಂಚಿಕೊಳ್ಳಲು ಏಕೆ ಆಗುವುದಿಲ್ಲ ಎಂಬುದು ಗೊತ್ತಿದ್ದರೆ ಮುಂದಿನ ಎಲ್ಲ ದೋಷಗಳೂ ಸುಲಭವಾಗಿ ಅರ್ಥವಾಗುತ್ತವೆ. ಉಪಗ್ರಹ ಕಳಿಸುವುದು 10.7ರಿಂದ 12.75 ಗಿಗಾಹರ್ಟ್ಸ್‌ವರೆಗೆ, ಅದೂ ಲಂಬ ಮತ್ತು ಅಡ್ಡ ಎಂಬ ಎರಡು ಧ್ರುವೀಕರಣಗಳಲ್ಲಿ, ಅಂದರೆ ಅಲೆ ಕಂಪಿಸುವ ಎರಡು ದಿಕ್ಕುಗಳಲ್ಲಿ. ಕೇಬಲ್‌ನಲ್ಲಿ ಇಳಿಯುವುದು ಮಾತ್ರ 950ರಿಂದ 2150 ಮೆಗಾಹರ್ಟ್ಸ್. ಇಡೀ ಸರಕು ಅಷ್ಟರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಎಲ್‌ಎನ್‌ಬಿ ಅದನ್ನು ನಾಲ್ಕು ಪಾಲು ಮಾಡಿ, ಕೇಳಿದ ಒಂದು ಪಾಲನ್ನಷ್ಟೇ ಕೆಳಗೆ ಬಿಡುತ್ತದೆ. ರಿಸೀವರ್ (ಟಿವಿ ಅಥವಾ ಅದರ ಬಾಕ್ಸ್) ಕೇಬಲ್‌ಗೆ 13 ವೋಲ್ಟ್ ಕೊಟ್ಟರೆ ಲಂಬ, 18 ಕೊಟ್ಟರೆ ಅಡ್ಡ. ಜೊತೆಗೆ 22 ಕಿಲೋಹರ್ಟ್ಸ್ ಟೋನ್ ಇದ್ದರೆ ಮೇಲಿನ ಬ್ಯಾಂಡ್ (ಆ ಫ್ರೀಕ್ವೆನ್ಸಿ ವ್ಯಾಪ್ತಿಯ ಮೇಲಿನ ಭಾಗ), ಇಲ್ಲದಿದ್ದರೆ ಕೆಳಗಿನದು. ಒಬ್ಬರು ಅಡ್ಡ ಕೇಳುವಾಗ ಇನ್ನೊಬ್ಬರು ಲಂಬ ಕೇಳಿದರೆ ಒಬ್ಬರ ಚಿತ್ರ ಹೋಗಲೇಬೇಕು.

ಯೂನಿಕೇಬಲ್ ಎಲ್‌ಎನ್‌ಬಿ ಪಾಲನ್ನು ಇಡಿಯಾಗಿ ಇಳಿಸುವುದೇ ಇಲ್ಲ. ಪ್ರತಿ ಟ್ಯೂನರ್‌ಗೂ (ಟಿವಿಯೊಳಗೆ ಚಾನೆಲ್ ಹಿಡಿಯುವ ಭಾಗ) ಕೇಬಲ್‌ನಲ್ಲಿ ಒಂದು ಕಾಯಂ ಜಾಗ ಕೊಡುತ್ತದೆ, ಅದಕ್ಕೆ ಯೂಸರ್ ಬ್ಯಾಂಡ್ ಎನ್ನುತ್ತಾರೆ. ನಾನು ಹಾಕಿದ ಎಲ್‌ಎನ್‌ಬಿಯಲ್ಲಿ ಮೊದಲ ನಾಲ್ಕು ಬ್ಯಾಂಡ್‌ಗಳು 1210, 1420, 1680 ಮತ್ತು 2040 ಮೆಗಾಹರ್ಟ್ಸ್. ಹಾಲ್‌ನ ಟಿವಿ ಯಾವ ಚಾನೆಲ್ ಕೇಳಿದರೂ ಆ ಚಾನೆಲ್ ಇರುವ ಟ್ರಾನ್ಸ್‌ಪಾಂಡರನ್ನು (ಉಪಗ್ರಹದ ಒಂದು ಪ್ರಸಾರ ಫ್ರೀಕ್ವೆನ್ಸಿಯನ್ನು) ಎಲ್‌ಎನ್‌ಬಿ 1210ಕ್ಕೇ ತಂದು ಕೂರಿಸುತ್ತದೆ. ಮಲಗುವ ಕೋಣೆಯ ಟಿವಿ ಕೇಳಿದ್ದೆಲ್ಲ 1420ರಲ್ಲಿ. ಚಾನೆಲ್ ಬದಲಿಸುವಾಗ ರಿಸೀವರ್ ತನ್ನ ವೋಲ್ಟೇಜನ್ನು 13ರಿಂದ 18ಕ್ಕೆ ಏರಿಸಿ, ಟೋನ್ ಮೂಲಕ ಒಂದು ಚಿಕ್ಕ ಡಿಜಿಟಲ್ ಆದೇಶ ಕಳಿಸಿ, ತಕ್ಷಣ 13ಕ್ಕೆ ಇಳಿಯಬೇಕು. 18 ವೋಲ್ಟ್ ಇರಬೇಕಾದ್ದು ಆ ಒಂದು ಕ್ಷಣ ಮಾತ್ರ. ಈ ವಾಕ್ಯವನ್ನು ನೆನಪಿಡಿ, ದೋಷ ಹುಡುಕುವಾಗ ಮತ್ತೆ ಬೇಕಾಗುತ್ತದೆ.

ಇದಕ್ಕೆ ಎರಡು ಮಾನಕಗಳಿವೆ. ಹಳೆಯದು ಇಎನ್ 50494, ಎಂಟು ಬ್ಯಾಂಡ್‌ವರೆಗೆ. ಹೊಸದು ಇಎನ್ 50607, ಅದೇ ಜೆಸ್ ಅಥವಾ ಯೂನಿಕೇಬಲ್ 2, ಮೂವತ್ತೆರಡು ಬ್ಯಾಂಡ್‌ವರೆಗೆ. ಎರಡನ್ನೂ ಬಲ್ಲ ಎಲ್‌ಎನ್‌ಬಿಯನ್ನೇ ಕೊಳ್ಳಿ. ಹಳೆ ಟಿವಿಗೆ ಮೊದಲ ಮಾನಕ ಮಾತ್ರ ಗೊತ್ತಿರುತ್ತದೆ, ಅದಕ್ಕೆ ಮೊದಲ ಎಂಟರಲ್ಲಿ ಒಂದು ಬ್ಯಾಂಡ್ ಮೀಸಲಿಡಿ.

ಸಾಮಾನು

85 ಸೆಂಟಿಮೀಟರ್ ಡಿಶ್, 40 ಮಿಲಿಮೀಟರ್ ಕುತ್ತಿಗೆಯ ಯೂನಿಕೇಬಲ್ ಎಲ್‌ಎನ್‌ಬಿ (ಪಕ್ಕದಲ್ಲಿ ಒಂದು ಸಾಮಾನ್ಯ ಔಟ್‌ಪುಟ್ ಕೂಡ ಇರುವುದು), ಮೂರು ಥ್ರೂ ಸಾಕೆಟ್, ಒಂದು ಕೊನೆ ಸಾಕೆಟ್, ಕೇಬಲ್ ತುದಿಗೆ ಹಾಕುವ ಕಂಪ್ರೆಷನ್ ಎಫ್ ಕನೆಕ್ಟರ್‌ಗಳು, ಅಟ್ಟದಿಂದ ಮೊದಲ ಸಾಕೆಟ್‌ವರೆಗೆ ಹೊಸ ಕೇಬಲ್, ಅರ್ತಿಂಗ್ ತಂತಿ. ಇಷ್ಟೇ.

ಕೇಬಲ್ ಕೊಳ್ಳುವಾಗ ನಡುವಿನ ತಂತಿ ಅಪ್ಪಟ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ತಾಮ್ರ ಲೇಪಿಸಿದ ಉಕ್ಕಿನ ತಂತಿ ಅಗ್ಗ, ಸಿಗ್ನಲ್ಲನ್ನೂ ಬಹುತೇಕ ಅಷ್ಟೇ ಚೆನ್ನಾಗಿ ಒಯ್ಯುತ್ತದೆ, ಏಕೆಂದರೆ ಮೈಕ್ರೋವೇವ್ ಓಡುವುದು ಮೇಲಿನ ತಾಮ್ರದ ಪದರದಲ್ಲಿ. ಆದರೆ ಎಲ್‌ಎನ್‌ಬಿ ನಡೆಸಲು ಟಿವಿಯಿಂದ ಮೇಲೆ ಹೋಗುವ ಡಿಸಿ ವಿದ್ಯುತ್ ಓಡುವುದು ಇಡೀ ತಂತಿಯಲ್ಲಿ. 1 ಮಿಲಿಮೀಟರ್ ತಾಮ್ರಕ್ಕೆ ಕಿಲೋಮೀಟರಿಗೆ ಸುಮಾರು 22 ಓಂ ರೋಧವಿದ್ದರೆ, ಉಕ್ಕಿನದಕ್ಕೆ ಸುಮಾರು 100. ನಮ್ಮ 32 ಮೀಟರ್ ಓಟದಲ್ಲಿ, ಎಲ್‌ಎನ್‌ಬಿ 250 ಮಿಲಿಆಂಪ್ ಎಳೆದರೆ ಉಕ್ಕಿನ ತಂತಿಯೊಂದೇ 0.8 ವೋಲ್ಟ್ ತಿನ್ನುತ್ತದೆ. ಸಾಕೆಟ್‌ನ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇನ್ನೂ ಅರ್ಧ, ಮುಕ್ಕಾಲು ವೋಲ್ಟ್ ತೆಗೆಯುತ್ತದೆ. ಟಿವಿಯೇ 12.5 ಕೊಡುತ್ತಿದ್ದರೆ ಎಲ್‌ಎನ್‌ಬಿ ತಲುಪುವಾಗ ಉಳಿಯುವುದು ಹನ್ನೊಂದು ಚಿಲ್ಲರೆ. ಆಗ ಒಂದು ಟಿವಿ ಮಾತ್ರ ಕೆಲಸ ಮಾಡಿ ಇನ್ನೊಂದು ಮಾಡದ ವಿಚಿತ್ರಗಳು ಶುರುವಾಗುತ್ತವೆ.

ಸಾಕೆಟ್‌ಗಳು, ಎಲ್ಲಕ್ಕಿಂತ ಮುಖ್ಯ

ಗೋಡೆಯಲ್ಲಿರುವ ಹಳೆ ಸಾಕೆಟ್‌ಗಳನ್ನು ಒಂದೂ ಬಿಡದೆ ತೆಗೆಯಿರಿ. ಅವು ಆಂಟೆನಾ ಮತ್ತು ಕೇಬಲ್ ಟಿವಿಗಾಗಿ ಮಾಡಿದವು, 862 ಮೆಗಾಹರ್ಟ್ಸ್ ಮೇಲೆ ಬಹುತೇಕ ಕುರುಡು, ಡಿಸಿ ವಿದ್ಯುತ್ತನ್ನು ಮೇಲಕ್ಕೆ ಬಿಡುವುದೂ ಇಲ್ಲ. ಅಂಥ ಒಂದು ಸಾಕೆಟ್ ಸರಣಿಯ ನಡುವೆ ಉಳಿದರೂ ಅದರಾಚೆಗಿನ ಕೋಣೆಗಳಿಗೆ ಏನೂ ಬರುವುದಿಲ್ಲ.

ಬೇಕಾದ್ದು ಯೂನಿಕೇಬಲ್‌ಗೆ ಒಪ್ಪುವ, ಡಯೋಡ್ ಇರುವ ಥ್ರೂ ಸಾಕೆಟ್. ಅದು ಮುಖ್ಯ ಎಳೆಯ ಸಿಗ್ನಲ್‌ನ ಒಂದು ಚಿಕ್ಕ ಭಾಗವನ್ನು ಟಿವಿಗೆ ಕೊಟ್ಟು ಉಳಿದದ್ದನ್ನು ಮುಂದೆ ಬಿಡುತ್ತದೆ. ಟಿವಿಗೆ ಎಷ್ಟು ತಗ್ಗಿಸಿ ಕೊಡುತ್ತದೆ ಎಂಬುದನ್ನು ಡೆಸಿಬೆಲ್‌ನಲ್ಲಿ ಮೇಲೆ ಮುದ್ರಿಸಿರುತ್ತಾರೆ. ಹತ್ತಿರದ ಕೋಣೆಗೆ ಹೆಚ್ಚು ತಗ್ಗಿಸುವ ಸಾಕೆಟ್, ದೂರದ್ದಕ್ಕೆ ಕಡಿಮೆ ತಗ್ಗಿಸುವುದು. ಹೀಗಿದ್ದರೆ ಎಲ್ಲರಿಗೂ ಸರಿಸುಮಾರು ಸಮನಾಗಿ ಸಿಗುತ್ತದೆ.

ನಮ್ಮ ಮನೆಯ ಲೆಕ್ಕ ಹೀಗಿದೆ. ಎಲ್‌ಎನ್‌ಬಿ ಔಟ್‌ಪುಟ್ 80 ಡಿಬಿ ಮೈಕ್ರೋವೋಲ್ಟ್ (ಸಿಗ್ನಲ್ ಬಲದ ಅಳತೆ) ಎಂದು ಹಿಡಿದೆ. ಒಳ್ಳೆಯ ಕೇಬಲ್ 2150 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 29 ಡಿಬಿ ಕಳೆಯುತ್ತದೆ. ಮೊದಲ ಸಾಕೆಟ್‌ಗೆ 14 ಮೀಟರ್, ಅಂದರೆ 4 ಡಿಬಿ ಹೋಗಿ 76 ಉಳಿಯಿತು. ಅಲ್ಲಿ 14 ಡಿಬಿಯ ಸಾಕೆಟ್, ಟಿವಿಗೆ 62. ಸಾಕೆಟ್ ದಾಟಲು 2 ಡಿಬಿ, ಮುಂದಿನ 6 ಮೀಟರಿಗೆ ಇನ್ನೂ ಸುಮಾರು 2. ಎರಡನೆಯದೂ 14 ಡಿಬಿ, ಟಿವಿಗೆ 58. ಮತ್ತೆ 5 ಮೀಟರ್, ಮೂರನೆಯದಕ್ಕೆ 10 ಡಿಬಿ ಸಾಕೆಟ್, ಟಿವಿಗೆ 59. ಕೊನೆಗೆ 7 ಮೀಟರ್ ದಾಟಿ 7 ಡಿಬಿಯ ಕೊನೆ ಸಾಕೆಟ್, ಟಿವಿಗೆ 58. ಉಪಗ್ರಹ ರಿಸೀವರ್‌ಗೆ ಒಪ್ಪುವ ಮಿತಿ 47ರಿಂದ 77. ನಾಲ್ಕೂ ನಡುವಿನಲ್ಲಿವೆ, ಪರಸ್ಪರ ವ್ಯತ್ಯಾಸ 4 ಡಿಬಿ. ಆಂಪ್ಲಿಫೈಯರ್ ಬೇಕೇ ಎಂದು ಅಂಗಡಿಯಲ್ಲಿ ಕೇಳುತ್ತಾರೆ. ಇಂಥ ಮನೆಗೆ ಬೇಡ.

ಕೊನೆ ಸಾಕೆಟ್ ಒಳಗೆ 75 ಓಂ ಟರ್ಮಿನೇಷನ್ (ತುದಿ ತಲುಪಿದ ಸಿಗ್ನಲ್ಲನ್ನು ಹೀರುವ ರೋಧ) ಇರಲೇಬೇಕು. ಇಲ್ಲದಿದ್ದರೆ ಸಿಗ್ನಲ್ ತುದಿಯಿಂದ ಹಿಂದಿರುಗಿ ಕೆಲವು ಫ್ರೀಕ್ವೆನ್ಸಿಗಳಲ್ಲಿ ಸಿಗ್ನಲ್ ತಗ್ಗಿದ ಗುಂಡಿಗಳನ್ನು ಮಾಡುತ್ತದೆ. ಗುಂಡಿ 1680ರಲ್ಲಿ ಬಿದ್ದರೆ ಆ ಬ್ಯಾಂಡಿನ ಟಿವಿ ಮಾತ್ರ ಚೌಕ ಚೌಕವಾಗಿ ಒಡೆಯುತ್ತದೆ, ಬೇರೆಯವು ಚೆನ್ನಾಗಿರುತ್ತವೆ. ಟರ್ಮಿನೇಷನ್‌ಗೆ ಡಿಸಿ ತಡೆಯೂ ಇರಬೇಕು. ಬರೀ 75 ಓಂ ರೆಸಿಸ್ಟರ್ ತಿರುಗಿಸಿದರೆ 13 ವೋಲ್ಟ್ ಅದರಲ್ಲೇ ಸುಟ್ಟುಹೋಗಿ ರಿಸೀವರ್ ಓವರ್‌ಲೋಡ್ ಎನ್ನುತ್ತದೆ.

ಡಿಶ್ ಮತ್ತು ಅರ್ತಿಂಗ್

ಸ್ಟುಟ್‌ಗಾರ್ಟ್‌ನಿಂದ ಆಸ್ಟ್ರಾ 19.2 ಡಿಗ್ರಿ ಕಾಣುವುದು ನೇರ ದಕ್ಷಿಣಕ್ಕಿಂತ ಸುಮಾರು 13 ಡಿಗ್ರಿ ಪೂರ್ವಕ್ಕೆ, ನೆಲದಿಂದ 33 ಡಿಗ್ರಿ ಎತ್ತರಕ್ಕೆ. ಡಿಶ್ ತಿರುಗಿಸಿ ಹೊಂದಿಸುವಾಗ ಯೂನಿಕೇಬಲ್ ಔಟ್‌ಪುಟ್ ಬಳಸಬೇಡಿ. ಅಗ್ಗದ ಮೀಟರ್‌ಗಳಿಗೆ ಯೂನಿಕೇಬಲ್ ಆದೇಶ ಕಳಿಸಲು ಬರುವುದಿಲ್ಲ, ಸೂಜಿ ಸುಳ್ಳು ಹೇಳುತ್ತದೆ. ಎಲ್‌ಎನ್‌ಬಿಯ ಸಾಮಾನ್ಯ ಔಟ್‌ಪುಟ್‌ಗೆ ಮೀಟರ್ ಸಿಕ್ಕಿಸಿ ನಾಲ್ಕೂ ಪಾಲುಗಳನ್ನು ಪರೀಕ್ಷಿಸಿ: ಕೆಳಗಿನ ಅಡ್ಡಕ್ಕೆ 11494 ಮೆಗಾಹರ್ಟ್ಸ್, ಕೆಳಗಿನ ಲಂಬಕ್ಕೆ 11347, ಮೇಲಿನ ಅಡ್ಡಕ್ಕೆ 12188, ಮೇಲಿನ ಲಂಬಕ್ಕೆ 12480. ನಾಲ್ಕರಲ್ಲೂ ಗುಣಮಟ್ಟ ಚೆನ್ನಾಗಿದ್ದರೆ ಬೋಲ್ಟ್ ಬಿಗಿಸಿ. ಆ ಔಟ್‌ಪುಟ್‌ಗೆ ಆಮೇಲೆ ರಬ್ಬರ್ ಮುಚ್ಚಳ ಹಾಕಿ. ಎಫ್ ಕನೆಕ್ಟರನ್ನು 11ರ ಸ್ಪ್ಯಾನರ್‌ನಿಂದ ಹಿತವಾಗಿ ಬಿಗಿಸಿ, ಕೇಬಲ್ ಎಲ್‌ಎನ್‌ಬಿಯಿಂದ ಮೊದಲು ಕೆಳಗೆ ಬಾಗಿ ಆಮೇಲೆ ಮೇಲೇರಲಿ. ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಹೋಗುವುದಿಲ್ಲ.

ಛಾವಣಿ ಮೇಲಿನ ಡಿಶ್‌ಗೆ 16 ಚದರ ಮಿಲಿಮೀಟರ್ ತಾಮ್ರದ ಅರ್ತ್ ತಂತಿ ಬೇಕು, ಕೇಬಲ್‌ನ ಹೊರಕವಚವನ್ನು ಕನಿಷ್ಠ 4 ಚದರ ಮಿಲಿಮೀಟರ್ ತಂತಿಯಿಂದ ಮನೆಯ ಮುಖ್ಯ ಅರ್ತ್ ಪಟ್ಟಿಗೆ ಸೇರಿಸಬೇಕು. ಡಿಶ್ ಛಾವಣಿಯ ಅಂಚಿಗಿಂತ ಕನಿಷ್ಠ 2 ಮೀಟರ್ ಕೆಳಗಿದ್ದು, ಗೋಡೆಯಿಂದ 1.5 ಮೀಟರ್ ಮೀರದಿದ್ದರೆ ಸಿಡಿಲಿಗಾಗಿ ಅರ್ತ್ ಮಾಡುವ ಕಡ್ಡಾಯವಿಲ್ಲ. ಹಾಗಾಗಿ ನಾನು ಗೋಡೆಯನ್ನೇ ಆರಿಸಿಕೊಂಡೆ. ಮುಖ್ಯ ಅರ್ತ್ ಪಟ್ಟಿಯ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ರಿಸೀವರ್‌ನಲ್ಲಿ ಹೊಂದಿಸುವುದು

ಮೆನುವಿನಲ್ಲಿ ಇದು ಯೂನಿಕೇಬಲ್, ಎಸ್‌ಸಿಆರ್, ಸ್ಯಾಟ್‌ಸಿಆರ್ ಅಥವಾ ಜರ್ಮನ್‌ನಲ್ಲಿ ಐನ್‌ಕಾಬೆಲ್ ಎಂದು ಇರುತ್ತದೆ. ಪ್ರತಿ ಟ್ಯೂನರ್‌ಗೆ ಬ್ಯಾಂಡ್‌ನ ಸಂಖ್ಯೆ ಮತ್ತು ಫ್ರೀಕ್ವೆನ್ಸಿ, ಎರಡನ್ನೂ ಕೊಡಬೇಕು. ಸಂಖ್ಯೆ ಎಲ್‌ಎನ್‌ಬಿಗೆ ಹೋಗುವ ವಿಳಾಸ, ಫ್ರೀಕ್ವೆನ್ಸಿ ರಿಸೀವರ್ ತಾನು ಕಾಯುವ ಜಾಗ. ಕೆಲವು ಟಿವಿಗಳು 0ಯಿಂದ ಎಣಿಸುತ್ತವೆ, ಕೆಲವು 1ರಿಂದ. ಎಲ್‌ಎನ್‌ಬಿ ಪಟ್ಟಿಯಲ್ಲಿ 1ನೇ ಬ್ಯಾಂಡ್ 1210 ಎಂದಿದ್ದರೆ, 0ಯಿಂದ ಎಣಿಸುವ ಟಿವಿಯಲ್ಲಿ ಅದು 0. ತಾನಾಗಿ ತುಂಬಿರುವ ಫ್ರೀಕ್ವೆನ್ಸಿಯನ್ನೂ ನಂಬಬೇಡಿ. ಕೆಲವು ಟಿವಿ 1284, 1400, 1516 ಎಂದು ಬೇರೆ ಉಪಕರಣಗಳ ಪಟ್ಟಿ ಹಾಕಿರುತ್ತದೆ. ಅಳಿಸಿ ಎಲ್‌ಎನ್‌ಬಿಯ ಮೇಲೆ ಮುದ್ರಿಸಿದ್ದನ್ನೇ ಬರೆಯಿರಿ. ಎರಡು ಟ್ಯೂನರ್‌ನ ರೆಕಾರ್ಡರ್‌ಗೆ ಎರಡು ಬ್ಯಾಂಡ್ ಬೇಕು. 1880ರಿಂದ 1900 ಮೆಗಾಹರ್ಟ್ಸ್ ಕಾರ್ಡ್‌ಲೆಸ್ ಡೆಕ್ಟ್ ಫೋನ್‌ನ ಜಾಗ, ಅಲ್ಲಿ ಬೀಳುವ ಬ್ಯಾಂಡ್ ಬಿಟ್ಟುಬಿಡಿ. ಟಿವಿ ಪಕ್ಕದಲ್ಲಿ ಫೋನ್ ಇಟ್ಟವರ ಮನೆಯಲ್ಲಿ ಕರೆ ಬಂದಾಗ ಚಿತ್ರ ಒಡೆಯುವುದು ಇದರಿಂದಲೇ.

ಕೆಡುವ ಬಗೆಗಳು

ಒಂದು ಟಿವಿಯ ಚಾನೆಲ್ ಬದಲಿಸಿದಾಗ ಇನ್ನೊಂದರ ಚಿತ್ರ ಹೋದರೆ ಇಬ್ಬರಿಗೂ ಒಂದೇ ಬ್ಯಾಂಡ್ ಕೊಟ್ಟಿದ್ದೀರಿ. ಇದು ಅತ್ಯಂತ ಸಾಮಾನ್ಯ, ಸರಿಪಡಿಸುವುದೂ ಸುಲಭ.

ಒಂದು ಟಿವಿ ಆನ್ ಮಾಡಿದ ಕೂಡಲೇ ಮನೆಯ ಎಲ್ಲ ಟಿವಿಗಳೂ ಚಾನೆಲ್ ಬದಲಿಸಲಾಗದೆ ನಿಂತರೆ, ಆ ಟಿವಿ 18 ವೋಲ್ಟ್ ಹಿಡಿದು ಕೂತಿದೆ. ಅದು ಇನ್ನೂ ಸಾಮಾನ್ಯ ಎಲ್‌ಎನ್‌ಬಿ ಎಂದು ನಂಬಿದೆ. ಸಾಕೆಟ್‌ಗಳ ಡಯೋಡ್ ಮೂಲಕ ಅತಿ ಹೆಚ್ಚು ವೋಲ್ಟೇಜ್ ಕೊಡುವವನೇ ಎಳೆಯನ್ನು ಹಿಡಿಯುತ್ತಾನೆ, ಉಳಿದವರ ಆದೇಶ ಎಲ್‌ಎನ್‌ಬಿಗೆ ತಲುಪುವುದಿಲ್ಲ. ಹೊಸ ಟಿವಿ ತಂದಾಗ, ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಫ್ಯಾಕ್ಟರಿ ರಿಸೆಟ್ ಮಾಡಿದಾಗ ಇದು ಮರುಕಳಿಸುತ್ತದೆ. ಮಲ್ಟಿಮೀಟರ್ ಹಿಡಿದು ಟಿವಿಯ ಆಂಟೆನಾ ತುದಿಯಲ್ಲಿ ಅಳೆಯಿರಿ. ಸ್ಥಿರವಾಗಿ 13ರ ಆಸುಪಾಸು ಇದ್ದರೆ ಸರಿ, ಸ್ಥಿರವಾಗಿ 18 ಇದ್ದರೆ ಅಪರಾಧಿ ಅದೇ. ಸಿಗ್ನಲ್ ಮೀಟರ್ ತೋರಿಸದ ಸಂಗತಿಯನ್ನು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ತೋರಿಸುತ್ತದೆ.

ಅಪರೂಪಕ್ಕೆ ಒಮ್ಮೆ ಚಾನೆಲ್ ಬರದೆ, ಮತ್ತೊಮ್ಮೆ ಒತ್ತಿದಾಗ ಬಂದರೆ ಇಬ್ಬರ ಆದೇಶ ಒಂದೇ ಕ್ಷಣದಲ್ಲಿ ಡಿಕ್ಕಿ ಹೊಡೆದಿದೆ. ರಿಸೀವರ್ ಸ್ವಲ್ಪ ಕಾದು ಮತ್ತೆ ಕಳಿಸಬೇಕು, ಒಳ್ಳೆಯವು ಹಾಗೆ ಮಾಡುತ್ತವೆ. ಇದು ದೋಷವಲ್ಲ.

ಊರಿನಲ್ಲಿ ಇದನ್ನೇ ಮಾಡಬಹುದೇ ಎಂದು ಕೇಳುವವರಿಗೆ ಒಂದು ಮಾತು. 93.5 ಡಿಗ್ರಿ ಪೂರ್ವದ ಜಿಸ್ಯಾಟ್ 15ರಿಂದ ಬರುವ ಡಿಡಿ ಫ್ರೀ ಡಿಶ್‌ನಂಥ ಸೇವೆಯಲ್ಲಿ, ಮೊದಲು ಬಾಕ್ಸ್‌ನ ಟ್ರಾನ್ಸ್‌ಪಾಂಡರ್ ಪಟ್ಟಿ ತೆರೆದು ನೋಡಿ. ನಿಮಗೆ ಬೇಕಾದ ಚಾನೆಲ್‌ಗಳೆಲ್ಲ ಒಂದೇ ಧ್ರುವೀಕರಣ, ಒಂದೇ (ಮೇಲಿನ ಅಥವಾ ಕೆಳಗಿನ) ಬ್ಯಾಂಡ್‌ನಲ್ಲಿದ್ದರೆ ಯೂನಿಕೇಬಲ್ ಖರ್ಚೇ ಬೇಡ. ಇಬ್ಬರೂ ಕೇಳುವುದು ಒಂದೇ ಪಾಲು, ಆದ್ದರಿಂದ 2150 ಮೆಗಾಹರ್ಟ್ಸ್‌ವರೆಗಿನ, ಎರಡೂ ಕಡೆ ಡಯೋಡ್ ಮೂಲಕ ಡಿಸಿ ಬಿಡುವ ಸ್ಪ್ಲಿಟರ್ ಸಾಕು. ಧ್ರುವೀಕರಣ ಬೆರೆತಿದ್ದರೆ ಎರಡು ಔಟ್‌ಪುಟ್‌ನ ಎಲ್‌ಎನ್‌ಬಿ, ಎರಡು ಕೇಬಲ್. ಯೂನಿಕೇಬಲ್‌ಗೆ ಕೈಹಾಕುವ ಮುನ್ನ ಬಾಕ್ಸ್‌ನ ಮೆನುವಿನಲ್ಲಿ ಆ ಆಯ್ಕೆ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಎಲ್‌ಎನ್‌ಬಿ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಪರೀಕ್ಷೆಯ ಕ್ರಮ: ಮೊದಲು ಕೊನೆಯ ಸಾಕೆಟ್‌ನಲ್ಲಿ ಒಂದೇ ರಿಸೀವರ್. ಅಲ್ಲಿ ನಾಲ್ಕೂ ಪಾಲಿನ ಚಾನೆಲ್ ಬಂದರೆ ಇಡೀ ಎಳೆ ಸರಿಯಿದೆ. ಆಮೇಲೆ ಒಂದೊಂದೇ ಟಿವಿ ಸೇರಿಸುತ್ತಾ, ಪ್ರತಿ ಸಲವೂ ಹೊಸದರಲ್ಲಿ ಬೇಗ ಬೇಗ ಚಾನೆಲ್ ಬದಲಿಸಿ ಹಳೆಯವನ್ನು ಗಮನಿಸಿ. ಕೊನೆಗೆ ಒಂದೊಂದನ್ನೇ ಸ್ಟ್ಯಾಂಡ್‌ಬೈಗೆ ಹಾಕಿ, ಪ್ಲಗ್ ಕಿತ್ತು, ಉಳಿದವು ಅಲುಗಾಡದೆ ನಡೆಯುತ್ತವೆಯೇ ನೋಡಿ. ಎಲ್ಲ ಮುಗಿದ ಮೇಲೆ ಪ್ರತಿ ಸಾಕೆಟ್‌ನ ಮುಚ್ಚಳದ ಒಳಬದಿಗೆ ಅದರ ಬ್ಯಾಂಡ್ ಸಂಖ್ಯೆ ಮತ್ತು ಫ್ರೀಕ್ವೆನ್ಸಿ ಬರೆದ ಚೀಟಿ ಅಂಟಿಸಿ, ಇಡೀ ಪಟ್ಟಿಯ ಒಂದು ಪ್ರತಿಯನ್ನು ಅಟ್ಟದಲ್ಲಿ ಕೇಬಲ್ ಇಳಿಯುವ ಜಾಗದಲ್ಲಿ ಕಟ್ಟಿಡಿ. ಮುಂದೆ ಟಿವಿ ಬದಲಿಸುವವರು ಎಲ್‌ಎನ್‌ಬಿ ಓದಲು ಏಣಿ ಹತ್ತಬೇಕಾಗುವುದಿಲ್ಲ.