ಹೈಬ್ರಿಡ್ ಕಾರಿನ ಹೀಟರ್ ಬಿಸಿಯಾಗಲು ಇಷ್ಟು ಹೊತ್ತೇಕೆ? ಗ್ಯಾರೇಜಿಗೆ ಹೋಗುವ ಮುಂಚೆ ನೀವೇ ನೋಡಿ

ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಜನವರಿ ಬೆಳಗ್ಗೆ ಮೈನಸ್ 20 ಡಿಗ್ರಿ ಅಂದರೆ ಅದು ಸುದ್ದಿಯೇ ಅಲ್ಲ. ಮಕ್ಕಳನ್ನು ಹಿಂದಿನ ಸೀಟಿಗೆ ಕಟ್ಟಿ, ಗಾಡಿ ಹೊರಡಿಸಿ, ಹೀಟರ್ ಹಾಕಿದರೆ ಮುಖಕ್ಕೆ ಬಡಿಯುವುದು ಫ್ರಿಜ್ ಬಾಗಿಲು ತೆಗೆದಂಥ ಗಾಳಿ. ಪಕ್ಕದ ಮನೆಯ ಹಳೇ ಪಿಕಪ್ ಟ್ರಕ್ ಅಷ್ಟರಲ್ಲಿ ಗಾಜಿನ ಮಂಜು ಕರಗಿಸಿಕೊಂಡು ಹೊರಟೇ ಹೋಗಿರುತ್ತದೆ. "ಇಷ್ಟು ದುಡ್ಡು ಕೊಟ್ಟು ಹೈಬ್ರಿಡ್ ತಗೊಂಡಿದ್ದು ಇದಕ್ಕಾ?" ಅಂತ ಮನೆಯಲ್ಲಿ ಪ್ರಶ್ನೆ ಬರುವುದೂ ಆಗಲೇ.

ನನ್ನದು 2012ರ ಟೊಯೋಟಾ ಪ್ರಿಯಸ್, ಅಂದರೆ ಮೂರನೇ ತಲೆಮಾರಿನದು. ಇಲ್ಲಿನ ಮಾತು ಹೆಚ್ಚಾಗಿ ಅದರ ಸುತ್ತಲೇ. ಆದರೆ ಬೇರೆ ಪೆಟ್ರೋಲ್ ಹೈಬ್ರಿಡ್‌ಗಳಿಗೂ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಕರೆಂಟಿನ ಮೋಟಾರೂ ಇರುವ ಕಾರುಗಳಿಗೂ, ಬಹುಪಾಲು ಹೊಂದುತ್ತದೆ. ಡಿಗ್ರಿ ಅಂದಲ್ಲೆಲ್ಲ ಸೆಲ್ಸಿಯಸ್ ಅಂತ ಓದಿಕೊಳ್ಳಿ.

ಮೊದಲು ಕಾರಣ ಕೇಳಿ, ಇಲ್ಲದಿದ್ದರೆ ಸುಮ್ನೆ ಬಿಡಿಭಾಗ ಬದಲಾಯಿಸುತ್ತಾ ಹೋಗುತ್ತೀರಿ. ಊರಿನ ಬಚ್ಚಲುಮನೆ ಒಲೆ ನೆನಪಿದೆಯಲ್ಲ? ಹಂಡೆ ನೀರು ಕಾಯುವಷ್ಟೇ ಬಿಸಿ ಹೊರಗೂ ಬರುತ್ತಿತ್ತು, ಅದರ ಮುಂದೆ ಕೂತು ಕೈ ಕಾಯಿಸಿಕೊಳ್ಳುತ್ತಿದ್ದೆವು. ಆಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಬಂತು. ಸೌದೆ ಕಡಿಮೆ, ಹೊಗೆ ಕಡಿಮೆ, ಬಿಸಿಯೆಲ್ಲ ಪಾತ್ರೆಗೇ. ಹಾಗಾಗಿ ಒಲೆ ಮುಂದೆ ಕೂತವರಿಗೆ ಸಿಗುವ ಶಾಖವೂ ಕಡಿಮೆ. ಹೈಬ್ರಿಡ್ ಎಂಜಿನ್ ಅಂದರೆ ಆ ಅಸ್ತ್ರ ಒಲೆ. ಕಾರಿನ ಹೀಟರ್ ಬದುಕುವುದೇ ಎಂಜಿನ್ ಪೋಲು ಮಾಡುವ ಬಿಸಿಯಿಂದ. ಎಂಜಿನ್ ತಂಪಾಗಿಡಲು ಅದರ ಸುತ್ತ ಓಡುವ ಕೂಲಂಟ್ ಎಂಬ ದ್ರವ ಬಿಸಿಯಾಗಿ, ಡ್ಯಾಶ್‌ಬೋರ್ಡ್ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್‌ಗೆ ಹೋಗುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಊದುತ್ತದೆ, ಅಷ್ಟೇ. ಮೂರನೇ ತಲೆಮಾರಿನ ಪ್ರಿಯಸ್ ಎಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಹೆಚ್ಚೆಂದರೆ ಶೇ 38.5ರಷ್ಟನ್ನು ಕೆಲಸಕ್ಕೆ ಬಳಸುತ್ತದೆ, ನಾಲ್ಕನೆಯದು ಶೇ 40ರಷ್ಟನ್ನು. ಪೋಲು ಕಡಿಮೆಯಾದಷ್ಟೂ ನಮ್ಮ ಕಾಲಿಗೆ ಬಿಸಿ ಕಡಿಮೆ. ಸಾಲದ್ದಕ್ಕೆ ಕೆಂಪು ದೀಪದಲ್ಲಿ ನಿಂತಾಗ ಎಂಜಿನ್ ತಾನಾಗೇ ಆಫ್ ಆಗಿ ಒಲೆಯೇ ಆರಿಹೋಗುತ್ತದೆ!

ತಯಾರಕರಿಗೂ ಇದು ಗೊತ್ತಿಲ್ಲದ್ದೇನಲ್ಲ. ಅಮೆರಿಕದಲ್ಲಿ ಮಾರಿದ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಸುಮಾರು 3 ಲೀಟರ್ ಬಿಸಿ ಕೂಲಂಟ್ ಹಿಡಿದಿಡುವ ಥರ್ಮಾಸ್ ಫ್ಲಾಸ್ಕೇ ಇತ್ತು, ಎಂಜಿನ್ ಬೇಗ ಬೆಚ್ಚಗಾಗಲಿ ಅಂತ. ಮೂರನೆಯದರಲ್ಲಿ ಅದನ್ನು ತೆಗೆದು, ಸೈಲೆನ್ಸರ್ ಪೈಪಿನಲ್ಲಿ ಹೋಗುವ ಹೊಗೆಯ ಬಿಸಿಯನ್ನೇ ಕೂಲಂಟ್‌ಗೆ ಕೊಡುವ ಏರ್ಪಾಡು ಮಾಡಿದರು.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ. ಹೋದ ಚಳಿಗಾಲ ಹೇಗಿತ್ತು? ಆಗಲೂ ಇಷ್ಟೇ ನಿಧಾನವಾಗಿದ್ದರೆ ಅದು ಬಹುಶಃ ಕಾರಿನ ಸ್ವಭಾವ. ಆಗ ಚೆನ್ನಾಗಿದ್ದು ಈ ಸಲ ಕೆಟ್ಟಿದ್ದರೆ ಏನೋ ತೊಂದರೆ ಇದೆ. ಹೊಸದಾಗಿ ತಗೊಂಡ ಹಳೇ ಗಾಡಿಯಾದರೆ ಹೋಲಿಸಲು ಏನೂ ಇರುವುದಿಲ್ಲ, ಕೆಳಗಿನದ್ದನ್ನೆಲ್ಲ ನೋಡಲೇಬೇಕು.

ಮೊದಲು ಬಟನ್‌ಗಳು

ನಗಬೇಡಿ. ನಾನೇ ಒಂದಿಡೀ ಡಿಸೆಂಬರ್ ಇಕೋ ಮೋಡ್‌ನಲ್ಲಿ ಓಡಿಸಿ ನಡುಗಿದ್ದೇನೆ. ಪೆಟ್ರೋಲ್ ಉಳಿಸಲು ಇಕೋ ಮೋಡ್ ಹೀಟರ್‌ಗೂ ಕತ್ತರಿ ಹಾಕುತ್ತದೆ. ಅದನ್ನು ತೆಗೆದು ಮಾಮೂಲಿ ಮೋಡ್‌ಗೆ ಹಾಕಿ.

ಆಮೇಲೆ ಹೀಟರನ್ನು ಆಟೋ ಮೋಡ್‌ನಲ್ಲಿ ಬಿಡಿ. ಆಟೋದಲ್ಲಿ ಕೂಲಂಟ್ ಬೆಚ್ಚಗಾಗುವ ತನಕ ಫ್ಯಾನ್ ಜೋರಾಗಿ ತಿರುಗುವುದಿಲ್ಲ. ಎಷ್ಟೋ ಜನ ಇದನ್ನೇ ತೊಂದರೆ ಅಂತ ತಿಳಿದು ಫ್ಯಾನ್ ವೇಗವನ್ನು ಕೈಯಾರೆ ಪೂರ್ತಿ ಏರಿಸುತ್ತಾರೆ. ಆಗ ಆಗುವುದೇನೆಂದರೆ, ಎಂಜಿನ್‌ಗೆ ಈಗಷ್ಟೇ ಹತ್ತುತ್ತಿರುವ ಚೂರುಪಾರು ಬಿಸಿಯನ್ನೂ ಹೀಟರ್ ಕೋರ್ ಕಿತ್ತುಕೊಳ್ಳುತ್ತದೆ, ಎಂಜಿನ್ ಬಿಸಿಯಾಗುವುದು ಇನ್ನಷ್ಟು ತಡವಾಗುತ್ತದೆ, ನಿಮಗೂ ಚಳಿ, ಅದಕ್ಕೂ ಚಳಿ.

ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದರೆ ಬೇಗ ಬೆಚ್ಚಗಾಗುತ್ತದೆ. ಆದರೆ ನಮ್ಮ ಉಸಿರಿನ ತೇವಕ್ಕೆ ಗಾಜು ಮಸುಕಾಗುತ್ತದೆ. ಕೆಲವು ನಿಮಿಷ ಇಟ್ಟು, ಗಾಜು ಮಸುಕಾಗಲು ಶುರುವಾದ ತಕ್ಷಣ ಹೊರಗಿನ ಗಾಳಿಗೆ ಹಾಕಿ.

ಬೆಳಗ್ಗೆ ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿಟ್ಟು ಒಳಗೆ ಹೋಗಿ ಕಾಫಿ ಕುಡಿಯುವ ಪದ್ಧತಿ ಟ್ರಕ್‌ಗಳದ್ದು. ಹೈಬ್ರಿಡ್ ನಿಂತಲ್ಲಿ ಹೆಚ್ಚು ಬಿಸಿ ಹುಟ್ಟಿಸುವುದೇ ಇಲ್ಲ. ಗಾಜು ಕೆರೆದು, ಮೆಲ್ಲಗೆ ಹೊರಟುಬಿಡುವುದೇ ಬೇಗದ ದಾರಿ. ಮತ್ತೊಂದು ಮಾತು, ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ: ಗ್ಯಾರೇಜ್ ಬಾಗಿಲು ಹಾಕಿ ಕಾರನ್ನು ರೆಡಿ ಸ್ಥಿತಿಯಲ್ಲಿ, ಅಂದರೆ ಹೊರಡಲು ಸಿದ್ಧವಾಗಿ ಆನ್ ಇರುವ ಹಾಗೆ, ಬಿಡಲೇಬಾರದು. ಸದ್ದಿಲ್ಲ ಅಂದರೆ ಆಫ್ ಆಗಿದೆ ಅಂತಲ್ಲ. ಎಂಜಿನ್ ತಾನಾಗೇ ಶುರುವಾಗುತ್ತದೆ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ. ಹಿಮದಲ್ಲಿ ಸಿಕ್ಕಿಕೊಂಡಾಗ ಸೈಲೆನ್ಸರ್ ಬಾಯಿ ಮುಚ್ಚಿಹೋಗಿದೆಯಾ ಅಂತಲೂ ಇಳಿದು ನೋಡಬೇಕು.

ಕೂಲಂಟ್, ಕೂಲಂಟ್, ಕೂಲಂಟ್

ಹೋದ ವರ್ಷಕ್ಕಿಂತ ಈ ವರ್ಷ ಕಡಿಮೆ ಬಿಸಿ ಅಂತಾದರೆ ನಾನು ಮೊದಲು ಎತ್ತುವುದು ಬಾನೆಟ್. ಎಂಜಿನ್ ಪೂರ್ತಿ ತಣ್ಣಗಿರಬೇಕು, ಕಾರು ಆಫ್ ಆಗಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಟ್ಟುಕೊಳ್ಳುತ್ತೀರಿ. ಕಿತ್ತಳೆ ಬಣ್ಣದ ದಪ್ಪ ವೈರ್‌ಗಳ ತಂಟೆಗೆ ಹೋಗಬೇಡಿ, ಅವು ಹೈ ವೋಲ್ಟೇಜ್.

ಒಳಗೆ ಎರಡು ಪ್ಲಾಸ್ಟಿಕ್ ಡಬ್ಬ ಕಾಣುತ್ತವೆ. ಒಂದು ಎಂಜಿನ್‌ನದು, ಇನ್ನೊಂದು ಬ್ಯಾಟರಿಯ ಕರೆಂಟನ್ನು ಮೋಟಾರ್‌ಗೆ ಹೊಂದಿಸಿಕೊಡುವ ಇನ್ವರ್ಟರ್‌ನದು. ಎರಡಕ್ಕೂ ಸಂಬಂಧವಿಲ್ಲ, ಎರಡರಲ್ಲೂ ಅದೇ ಗುಲಾಬಿ ಬಣ್ಣದ ಕೂಲಂಟ್. ಇನ್ವರ್ಟರ್ ಡಬ್ಬ ತುಂಬಿದೆ ಅಂತ ನೋಡಿ ಸಮಾಧಾನಪಟ್ಟುಕೊಂಡವರು ನನಗೆ ಗೊತ್ತು! ಕಾರಿನ ಜೊತೆ ಬಂದ ಪುಸ್ತಕ ತೆಗೆದು ಯಾವುದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಎಂಜಿನ್ ಡಬ್ಬದಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು.

ಕಡಿಮೆ ಇದ್ದರೆ ಅದೇ ಬಗೆಯ ಕೂಲಂಟ್ ಹಾಕಿ, ನೀರಲ್ಲ. ಇಲ್ಲಿ ನನ್ನದೇ ಪೆದ್ದುತನ ಹೇಳಬೇಕು. ಚಿಕ್ಕಂದಿನಲ್ಲಿ ಘಾಟಿ ಹತ್ತುವಾಗ ಅಪ್ಪ ಹಳೇ ಕಾರಿನ ಬಾನೆಟ್ ಎತ್ತಿ ಬಾಟಲಿ ನೀರು ಸುರಿಯುವುದನ್ನು ನೋಡಿ ಬೆಳೆದವನು ನಾನು. ಒಂದು ಬೇಸಿಗೆಯಲ್ಲಿ ಡುಲೂತ್‌ಗೆ ಹೋಗುವಾಗ ಮಟ್ಟ ಇಳಿದಿದ್ದು ಕಂಡಿತು, ಕೈಗೆ ಸಿಕ್ಕ ಕುಡಿಯುವ ನೀರನ್ನೇ ಸುರಿದೆ, ಮತ್ತೆ ಸೆಪ್ಟೆಂಬರ್‌ನಲ್ಲೂ ಒಂದಿಷ್ಟು. ಈ ಕೂಲಂಟ್ ಅಂದರೆ ಆಗಲೇ ಅರ್ಧ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ), ಅರ್ಧ ನೀರು ಬೆರೆತದ್ದು, ಆ ಮಿಶ್ರಣ ಮೈನಸ್ 35ರ ತನಕ ಹೆಪ್ಪುಗಟ್ಟುವುದಿಲ್ಲ. ನೀರು ಜಾಸ್ತಿಯಾದಷ್ಟೂ ಆ ರಕ್ಷಣೆ ಇಳಿಯುತ್ತದೆ. ಜನವರಿಯ ಒಂದು ಬೆಳಗ್ಗೆ ಅದು ಬರ್ಫದ ಗೋಲದ ಹಾಗೆ ಅರೆಗಟ್ಟಿಯಾಗಿ ಹರಿಯದೆ ನಿಂತಿತು. ಎಂಜಿನ್ ಒಡೆಯಲಿಲ್ಲ, ಅದು ನನ್ನ ಪುಣ್ಯ. ಕೂಲಂಟ್ ಎಷ್ಟು ಚಳಿ ತಡೆಯುತ್ತದೆ ಅಂತ ಅಳೆಯುವ ಚಿಕ್ಕ ಸಾಧನ ಆಟೋ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಪ್ರತಿ ಅಕ್ಟೋಬರ್‌ನಲ್ಲಿ ಒಮ್ಮೆ ನೋಡಿಬಿಡಿ. ಕೂಲಂಟ್ ನೆಲಕ್ಕೆ ಚೆಲ್ಲಿದರೆ ತಕ್ಷಣ ಒರೆಸಿ. ಸಿಹಿಯಾಗಿರುತ್ತದೆ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ಒಂದು ಸಲ ತುಂಬಿಸಿದ ಮೇಲೆ ಮತ್ತೆ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ. ಕೂಲಂಟ್ ಎಲ್ಲೋ ಹೋಗುತ್ತಿದೆ. ಪಕ್ಕದ ಸೀಟಿನ ಕೆಳಗೆ ಕಾರ್ಪೆಟ್ ಒದ್ದೆ, ಒಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡಿನಂಥ ಮಂಜು ಇದ್ದರೆ ಹೀಟರ್ ಕೋರ್ ಸೋರುತ್ತಿದೆ. ಹೊರಗೆಲ್ಲೂ ಸೋರಿಕೆ ಕಾಣದೆ ಮಟ್ಟ ಇಳಿಯುತ್ತಿದ್ದು, ಬೆಳಗ್ಗೆ ಎಂಜಿನ್ ಶುರುವಾದಾಗ ಕೆಲವು ಸೆಕೆಂಡ್ ಗಾಡಿಯೆಲ್ಲ ಗಡಗಡ ಅಲುಗಾಡಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. 2010ರಿಂದ 2015ರ ಪ್ರಿಯಸ್‌ಗಳಲ್ಲಿ, ಅದರಲ್ಲೂ ತುಂಬಾ ಓಡಿದ ಗಾಡಿಗಳಲ್ಲಿ, ಮೆಕ್ಯಾನಿಕ್‌ಗಳು ಇದನ್ನು ಮೊದಲೇ ನೋಡುತ್ತಾರೆ. ಹೀಟರ್ ಆಗಾಗ ತಣ್ಣಗಾಗುವುದು ಇದರ ಮೊದಲ ಸುಳಿವಾಗಿರಬಹುದು, ಆದ್ದರಿಂದ ತಡಮಾಡಬೇಡಿ.

ಊಹೆ ಬಿಡಿ, ಅಳೆಯಿರಿ

ಪ್ರಿಯಸ್‌ನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಅದಕ್ಕೆ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಜಾಗ) ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಒಂದನ್ನು ತಗೊಳ್ಳಿ. ಫೋನಿನ ಆ್ಯಪ್‌ನಲ್ಲಿ ಕೂಲಂಟ್ ಎಷ್ಟು ಡಿಗ್ರಿ ಅಂತ ಕಾಣುತ್ತದೆ. ಹೀಟರ್ ವಿಷಯದಲ್ಲಿ ನಾನು ಖರ್ಚು ಮಾಡಿದ ಅತಿ ಒಳ್ಳೆಯ ದುಡ್ಡು ಇದೇ. ರಾತ್ರಿಯಿಡೀ ಹೊರಗೆ ನಿಂತ ಕಾರನ್ನು ಬೆಳಗ್ಗೆ ಓಡಿಸಿ, ಪಕ್ಕದಲ್ಲಿ ಕೂತವರಿಗೆ ಎರಡೆರಡು ನಿಮಿಷಕ್ಕೆ ಬರೆದುಕೊಳ್ಳಲು ಹೇಳಿ. ಓಡಿಸುವವರು ಫೋನ್ ನೋಡುವುದು ಬೇಡ.

ಥರ್ಮೋಸ್ಟಾಟ್ ತೆರೆಯುವುದು ಸುಮಾರು 82 ಡಿಗ್ರಿಗೆ. ಅಲ್ಲಿಯ ತನಕ ಅದು ಮುಚ್ಚಿಕೊಂಡು, ಕೂಲಂಟ್ ದೊಡ್ಡ ರೇಡಿಯೇಟರ್‌ಗೆ ಹೋಗದ ಹಾಗೆ ತಡೆಯಬೇಕು. ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರೂ 60ರ ಆಸುಪಾಸಿನಲ್ಲೇ ತೂಗಾಡುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ಕೆಲವೊಮ್ಮೆ ಚೆಕ್ ಎಂಜಿನ್ ದೀಪ ಹತ್ತಿ ಪಿ0128 ಎಂಬ ಕೋಡ್ ಬರುತ್ತದೆ. ಅದು ಹೇಳುವುದೂ ಇದನ್ನೇ, ಕೂಲಂಟ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅಂತ. ಥರ್ಮೋಸ್ಟಾಟ್ ಬದಲಿಸುವುದು ದೊಡ್ಡ ಕೆಲಸವಲ್ಲ.

ಕೂಲಂಟ್ 80 ದಾಟಿದೆ, ಆದರೂ ಒಳಗೆ ತಣ್ಣನೆ ಗಾಳಿ. ಇದು ಬೇರೆ ಕಥೆ. ಎಂಜಿನ್ ಬಿಸಿ ಮಾಡಿದೆ, ಅದು ನಿಮ್ಮ ತನಕ ಬರುತ್ತಿಲ್ಲ. ಎಂಜಿನ್ ಓಡುತ್ತಾ ನಿಂತಾಗ ತಣ್ಣಗಾಗಿ, ವೇಗವಾಗಿ ಹೋಗುವಾಗ ಬಿಸಿ ಬರುತ್ತಿದ್ದರೆ ಕೂಲಂಟ್ ಕಡಿಮೆಯಾಗಿ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪಂಪ್ ಸೋತಿದೆ. ಮೂರನೇ ತಲೆಮಾರಿನಿಂದ ವಾಟರ್ ಪಂಪ್ ಕೂಡ ಕರೆಂಟಿನದು, ಎಂಜಿನ್‌ಗೆ ಬೆಲ್ಟೇ ಇಲ್ಲ. ಆ ಗಾಳಿ ತೆಗೆಯುವುದಕ್ಕೆ ಒಂದು ಕ್ರಮ ಇದೆ, ಅದನ್ನು ಗೊತ್ತಿದ್ದವರಿಗೆ ಬಿಡಿ.

ಇನ್ನೂ ಒಂದು ಪರೀಕ್ಷೆ. ಗಾಡಿ ಚೆನ್ನಾಗಿ ಓಡಿಸಿ ಬಂದು, ಆಫ್ ಮಾಡಿ, ಎಂಜಿನ್‌ನಿಂದ ಡ್ಯಾಶ್‌ಬೋರ್ಡ್ ಕಡೆ ಗೋಡೆಯೊಳಕ್ಕೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಕೈಗವಸು ಹಾಕಿಕೊಂಡು ಮುಟ್ಟಿ. ಎರಡೂ ಬಿಸಿ ಇದ್ದರೆ ಕೂಲಂಟ್ ಸರಿಯಾಗಿ ಹರಿಯುತ್ತಿದೆ. ತೊಂದರೆ ಒಳಗೆ ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಪುಟ್ಟ ಬಾಗಿಲಿನದು. ಅದರ ಮೋಟಾರ್ ಕೆಟ್ಟಾಗ ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಅಂತ ಸದ್ದು ಬರುವುದುಂಟು. ಒಂದು ಬಿಸಿ ಇನ್ನೊಂದು ತಣ್ಣಗೆ ಅಂದರೆ ಹೀಟರ್ ಕೋರ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ಮತ್ತೆ ಕೂಲಂಟ್ ಡಬ್ಬದ ಹತ್ತಿರ ಹೋಗಿ.

ಗಾಳಿ ಬಿಸಿಯಾಗಿದೆ ಆದರೆ ಉಸ್ ಅಂತ ಸಣ್ಣಗೆ ಬರುತ್ತಿದೆ ಅಂದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ನೋಡಿ. ಎಲೆ, ಧೂಳು, ಕೆಲವೊಮ್ಮೆ ಇಲಿಗೂಡೂ ಸಿಗುತ್ತದೆ. ಐದು ನಿಮಿಷದ ಕೆಲಸ.

ಎಲ್ಲ ಸರಿಯಿದೆ, ಆದರೂ ಚಳಿ

ಹಾಗಾದರೆ ಅಸ್ತ್ರ ಒಲೆಗೆ ಸ್ವಲ್ಪ ಸಹಾಯ ಮಾಡಬೇಕು. ಇಲ್ಲಿ ನನ್ನ ಮೊದಲ ಮತ ಬ್ಲಾಕ್ ಹೀಟರ್‌ಗೆ. ಎಂಜಿನ್‌ಗೆ ಅಂಟಿ ಕೂರುವ ಕರೆಂಟಿನ ಹೀಟರ್ ಅದು, ಪ್ರಿಯಸ್‌ನದು 400 ವಾಟ್. ಹೊರಡುವ ಮೂರು ಗಂಟೆ ಮುಂಚೆ ಟೈಮರ್‌ನಿಂದ ಶುರು ಮಾಡಿದರೆ ಖರ್ಚಾಗುವುದು 1.2 ಯೂನಿಟ್ ಕರೆಂಟ್. ಎಂಜಿನ್ ಆಗಲೇ ಬೆಚ್ಚಗಿರುತ್ತದೆ, ಗಾಜೂ ಬೇಗ ತಿಳಿಯಾಗುತ್ತದೆ. ಹೊರಗೆ ಬಳಸುವಂಥ ದಪ್ಪ ಎಕ್ಸ್‌ಟೆನ್ಷನ್ ವೈರ್ ಬೇಕು. ಅಪಾರ್ಟ್‌ಮೆಂಟ್‌ನಲ್ಲಿದ್ದು ಪ್ಲಗ್ ಇಲ್ಲದವರಿಗೆ ಇದು ಆಗದ ಮಾತು.

ಅವರಿಗೆ ಗ್ರಿಲ್ ಮುಚ್ಚುವ ಉಪಾಯ ಇದೆ. ನೀರಿನ ಪೈಪ್‌ಗೆ ಹೊದಿಸುವ ಕಪ್ಪು ಫೋಮ್ ಕೊಳವೆಯನ್ನು ಕತ್ತರಿಸಿ ಮುಂಭಾಗದ ಗ್ರಿಲ್ ಪಟ್ಟಿಗಳಿಗೆ ಸಿಕ್ಕಿಸುವುದು. ತಣ್ಣನೆ ಗಾಳಿ ಎಂಜಿನ್ ಕೋಣೆಗೆ ನುಗ್ಗುವುದು ತಪ್ಪುತ್ತದೆ, ನಿಂತಾಗ ಬಿಸಿ ಬೇಗ ಆರುವುದಿಲ್ಲ. ಪೂರ್ತಿ ಮುಚ್ಚಬೇಡಿ, ಇನ್ವರ್ಟರ್‌ಗೂ ತಂಪು ಗಾಳಿ ಬೇಕು. ಮೊದಲ ಕೆಲವು ದಿನ ಆ್ಯಪ್‌ನಲ್ಲಿ ಬಿಸಿ ನೋಡುತ್ತಿರಿ.

ಸೀಟ್ ಹೀಟರ್ ಇದ್ದರೆ ಧಾರಾಳವಾಗಿ ಬಳಸಿ. ಅದು ಬೆನ್ನಿಗೆ ನೇರ ಬಿಸಿ ಕೊಡುತ್ತದೆ, ಎಂಜಿನ್ ಕಾಯುವ ತನಕ ಕಾಯಬೇಕಿಲ್ಲ. ಹಿಂದಿನ ಸೀಟಿನ ಮಕ್ಕಳಿಗೆ ಮಾತ್ರ ದಪ್ಪ ಜಾಕೆಟ್ ಹಾಕಿಸಿ ಬೆಲ್ಟ್ ಬಿಗಿಯಬೇಡಿ, ಒಳಗೆ ಬೆಲ್ಟ್ ಸಡಿಲ ಉಳಿದುಬಿಡುತ್ತದೆ. ಬೆಲ್ಟ್ ಹಾಕಿದ ಮೇಲೆ ಮೇಲಿಂದ ಕಂಬಳಿ ಹೊದಿಸಿ.

ಪ್ಲಗ್-ಇನ್ ಹೈಬ್ರಿಡ್ (ಪ್ಲಗ್ ಹಾಕಿ ಬ್ಯಾಟರಿ ತುಂಬಿಸುವಂಥದ್ದು) ಇರುವವರು ಕೇಳುತ್ತಾರೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ಯಾಕೆ ಶುರುವಾಗುತ್ತದೆ ಅಂತ. 2017ರ ಮಾದರಿಯ ಪ್ರಿಯಸ್ ಪ್ರೈಮ್‌ನ ಹೀಟ್ ಪಂಪ್ (ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ತರುವ ಸಾಧನ) ಮೈನಸ್ 10ರ ತನಕ ಬ್ಯಾಟರಿಯಿಂದಲೇ ಬಿಸಿ ಕೊಡುತ್ತದೆ, ಅದಕ್ಕಿಂತ ಕೆಳಗಿಳಿದರೆ ಎಂಜಿನ್ ಕರೆಯುತ್ತದೆ. ಅದು ತೊಂದರೆ ಅಲ್ಲ.

ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೆ "ಹೀಟರ್ ಸರಿಯಿಲ್ಲ" ಅಂತಷ್ಟೇ ಹೇಳಬೇಡಿ. ನೀವು ಬರೆದುಕೊಂಡ ಕೂಲಂಟ್ ಅಂಕಿ, ಆವತ್ತಿನ ಹೊರಗಿನ ಚಳಿ, ನಿಂತಾಗ ತಣ್ಣಗಾಗುತ್ತದೋ ಓಡುವಾಗಲೋ, ಕೂಲಂಟ್ ಎಷ್ಟು ದಿನಕ್ಕೆ ಎಷ್ಟು ಇಳಿಯಿತು, ಇಷ್ಟನ್ನು ಒಂದು ಚೀಟಿಯಲ್ಲಿ ಕೊಡಿ. ಹೈಬ್ರಿಡ್ ಬಲ್ಲ ಮೆಕ್ಯಾನಿಕ್ ಆದರೆ ಅದನ್ನು ಓದಿಯೇ ಅರ್ಧ ಕೆಲಸ ಮುಗಿಸುತ್ತಾರೆ. ಓದದೆ ಪಕ್ಕಕ್ಕಿಟ್ಟು, ಸೀದಾ ಹೀಟರ್ ಕೋರ್ ಬದಲಿಸೋಣ ಅಂದರೆ ಚೀಟಿ ವಾಪಸ್ ತಗೊಂಡು ಇನ್ನೊಂದು ಗ್ಯಾರೇಜ್ ಹುಡುಕಿ, ಏಕೆಂದರೆ ಅದಕ್ಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು.

ಗ್ರಿಲ್‌ಗೆ ಸಿಕ್ಕಿಸಿದ ಫೋಮನ್ನು ಹಿಮ ಕರಗುವ ಏಪ್ರಿಲ್ ಹೊತ್ತಿಗೆ ಮರೆಯದೆ ತೆಗೆಯಿರಿ. ನನ್ನ ಕಾರಿನಲ್ಲಿ ಒಂದು ವರ್ಷ ಮೇ ತನಕ ಇತ್ತು, ಎಸಿ ಯಾಕೋ ತಣ್ಣಗಾಗುತ್ತಿಲ್ಲ ಅಂತ ಎರಡು ವಾರ ತಲೆ ಕೆಡಿಸಿಕೊಂಡಿದ್ದೆ.